ಕಿವಿಯಿಲ್ಲದ ಡಬ್ಬಿ

ಜನವರಿ ೭, ಮಂಗಳವಾರ

ಬೈಯುವುದಕ್ಕೆ ನನಗೊಂದು ಜಾಗ ಬೇಕು. ಅದಕ್ಕೇ ಈ ಪುಸ್ತಕ. ಫೌಸ್ತೊನ ಎದುರು ಬೈಯುವಂತಿಲ್ಲ. ಮೊದಲಾದರೆ ಜಗಳವಾದಾಗ ಬಾಗಿಲನ್ನು ದಡಾರನೆ ಎಳೆದುಕೊಂಡು ಮೂಲೆಯಂಗಡಿಗೆ ಹೋಗಿ ಒಂದು ಬಿಯರು ಕುಡಿದು ಬರುತ್ತಿದ್ದ. ಈಗ ಮಲಗಿದಲ್ಲೇ ಎಲ್ಲವನ್ನೂ ಕೇಳಿಸಿಕೊಳ್ಳಬೇಕು. ಎದ್ದು ಹೋಗಲಾರದ ಗಂಡನನ್ನು ಬೈಯುವುದು ನ್ಯಾಯವಲ್ಲ.

ನಿನ್ನೆ ಕ್ರಿಸ್ಮಸ್ಸಿನ ಬೆನ್ನಿಗೆ ಬರುವ ಮೂವರು ರಾಜರ ಹಬ್ಬಕ್ಕೆ ನ್ಯೂಯಾರ್ಕಿನ ನಾದಿನಿ ದೆಯಾನಿರಾಳಿಂದ ಪೆಟ್ಟಿಗೆ ಬಂತು. ಶಾಂಪೂ, ಸಾಕ್ಸು, ಜೊತೆಗೆ ಮತ್ತೆ ಅದೇ ಫೋನಿನಿಂದ ಹೊತ್ತಿಸುವ ಜಾಣ ಬಲ್ಬುಗಳು. ಹೋದ ವರ್ಷ ಮ್ಯಾಡ್ರಿಡ್‌ನಿಂದ ನನ್ನ ತಮ್ಮ ಎಲಿಹಿಯೊ ಫ್ಯಾನಿಗೆ ಹಾಕುವ ಸ್ವಿಚ್ಚು ಕಳಿಸಿದ್ದ. ಗೇಟಿನ ಬೀಗ ಇಲ್ಲೇ ದುವಾರ್ತೆ ರಸ್ತೆಯಲ್ಲಿ ಕೊಂಡದ್ದು. ಫೌಸ್ತೊನ ಕೈ ಸ್ವಾಧೀನ ತಪ್ಪಿತೆಂದು ತಿಳಿದವರೆಲ್ಲ ಕೈ ಬೇಡದ ಸಾಮಾನು ಕಳಿಸುತ್ತಿದ್ದಾರೆ. ಆದರೆ ದೀಪ ಒಂದು ಕಂಪನಿಯದು, ಫ್ಯಾನಿನ ಸ್ವಿಚ್ಚು ಇನ್ನೊಂದರದು, ಬೀಗ ಮತ್ತೊಂದರದು. ಒಂದೇ ಸೂರಿನಡಿ ಇದ್ದೂ ಒಂದಕ್ಕೊಂದು ಮಾತಿಲ್ಲ, ಆಸ್ತಿ ಜಗಳವಾದ ಅಣ್ಣತಮ್ಮಂದಿರ ಹಾಗೆ.

ಮಗಳು ಯೊಕಾಸ್ತಾ ಪಾರ್ಲರಿನ ಕೆಲಸ ಮುಗಿಸಿ ಬಂದವಳು ಪೆಟ್ಟಿಗೆಯನ್ನು ನೋಡಿ ತಲೆ ಚಚ್ಚಿಕೊಂಡಳು. "ಅಮ್ಮಾ, ಇದಕ್ಕೊಂದು ಆ್ಯಪ್, ಅದಕ್ಕೊಂದು ಆ್ಯಪ್, ನನ್ ಫೋನಲ್ಲಿ ಜಾಗಾನೇ ಇಲ್ಲ. ಎಲ್ಲಕ್ಕೂ ಸೇರಿಸಿ ಒಂದು ಹಬ್ ತಗೊಳ್ಳೋಣ. ಒಂದೇ ಡಬ್ಬಿ. ಅಪ್ಪ ಅದಕ್ಕೆ ಹೇಳಿದ್ರೆ ಸಾಕು, ಅದು ಮನೇಲಿರೋ ಎಲ್ಲರ ಹತ್ರ ಕೆಲಸ ಮಾಡಿಸುತ್ತೆ."

"ಹಂಗಾದ್ರೆ ಡಬ್ಬಿ ಯಾಕೆ? ನಿಮ್ಮಮ್ಮ ಇದಾಳಲ್ಲ" ಎಂದ ಫೌಸ್ತೊ. ಮೂವರೂ ನಕ್ಕೆವು.

ನಾನು ಬೆಳಿಗ್ಗೆ ಶಾಲೆಯ ಅಡುಗೆಮನೆಗೆ ಹೋದರೆ ಬರುವುದು ಮಧ್ಯಾಹ್ನ. ಎದುರುಮನೆಯ ಹಿರಿಯಾಕೆ ದೋನ್ಯಾ ಬೆಲ್ಹಿಕಾ ನಡುವೆ ಬಂದು ಇಣುಕಿ ಹೋಗುತ್ತಾಳೆ. ಉಳಿದ ಹೊತ್ತೆಲ್ಲ ಅವನೊಬ್ಬನೇ. ಫ್ಯಾನು ಸುಮ್ಮನೆ ತಿರುಗುತ್ತಿದ್ದರೆ ಅವನ ಮೈ ಸೆಟೆದುಕೊಳ್ಳುತ್ತದೆ, ನಿಲ್ಲಿಸಿದರೆ ಸೊಳ್ಳೆ ಮುಖದ ಮೇಲೆ ಕೂರುತ್ತದೆ. ಓಡಿಸಲು ಕೈ ಏಳುವುದಿಲ್ಲ.

"ಫ್ಯಾನ್ ಒಂದನ್ನ ನಾನೇ ಹಾಕ್ಕೊಂಡು ನಾನೇ ಆರಿಸ್ಕೊಳ್ಳೋ ಹಾಗೆ ಮಾಡು ಸುನಿ. ಬೇರೇನೂ ಬೇಡ. ಒಂದು ಸೊಳ್ಳೆಗೂ ಹೆಂಡ್ತೀನ ಕರೀಬೇಕು ಅಂದ್ರೆ ನಾನ್ಯಾಕೆ ಇರಬೇಕು ಹೇಳು" ಎಂದು ನನ್ನ ಹೆಸರು ಹಿಡಿದು ಹೇಳಿದ.

ಡಾಕ್ಟರು ಕೈಕಾಲಿನ ನಂತರ ಯಾವುದಕ್ಕೆ ಬರುತ್ತದೆ ಎಂದು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಡಾಕ್ಟರುಗಳು ನೂರು ಹೇಳುತ್ತಾರೆ. ನಾಲಿಗೆ ನನ್ನ ಗಂಡನದು. ಅದನ್ನು ನಿಲ್ಲಿಸಲು ನನ್ನಿಂದಲೇ ಇಷ್ಟು ವರ್ಷ ಆಗಲಿಲ್ಲ.

ಜನವರಿ ೧೯, ಭಾನುವಾರ

ದೆಯಾನಿರಾಳೇ ಒಂದು ಡಬ್ಬಿಯನ್ನೂ ಕಳಿಸಿದಳು. ಗುಂಡಗೆ, ಬೂದು ಬಣ್ಣ, ಬಟ್ಟೆ ಹೊದ್ದ ಪಪ್ಪಾಯಿಯಷ್ಟು ದಪ್ಪ. ಮೊದಲು ಅದರ ಹೆಸರು ಹಿಡಿದು ಕರೆಯಬೇಕು, ಆಮೇಲೆ ಕೆಲಸ ಹೇಳಬೇಕು.

"ನನ್ ಮನೇಲಿ, ನನ್ ಹೆಂಡ್ತಿ ಎದುರಿಗೇ, ನಾನು ಇನ್ನೊಬ್ಬಳ ಹೆಸರು ಕರೀಬೇಕಂತೆ!" ಎಂದು ಫೌಸ್ತೊಗೆ ಖುಷಿಯೋ ಖುಷಿ. ಬೇಕೆಂದೇ ರಾಗ ಎಳೆದು ಕರೆದ. ಫ್ಯಾನು ತಿರುಗಿತು. ನಿಲ್ಲಿಸಿದ. ಮತ್ತೆ ತಿರುಗಿಸಿದ. ಒಮ್ಮೊಮ್ಮೆ ಎರಡೆರಡು ಸಲ ಹೇಳಬೇಕಾಯಿತು. ಹೊಸದಲ್ಲವೇ, ಪಳಗಬೇಕು.

ಸಂಜೆ ಕರೆಂಟು ಹೋಯಿತು. ನಮ್ಮ ಇನ್ವರ್ಟರಿಗೆ ವಯಸ್ಸಾಗಿದೆ. ಅದು ಫೌಸ್ತೊನ ಕೋಣೆಯ ಕರೆಂಟಿನ ಗಾಳಿಹಾಸಿಗೆ, ಫ್ಯಾನು ಇಷ್ಟನ್ನು ಹೊರುತ್ತದೆ, ಉಳಿದ ಮನೆಯೆಲ್ಲ ಕತ್ತಲೆ. ಲೋಸ್ ಮಿನಾ ಬಡಾವಣೆಯ ಎಲ್ಲರ ಹಾಗೆ ನಾವೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕರೆಂಟಿನವರ ವಂಶವನ್ನು ಬೈಯುತ್ತಾ ಕುಳಿತೆವು. ಫ್ರಿಜ್ಜು ಗುಂಯ್ ಎಂದಿತೋ ಇಲ್ಲವೋ, ಒಳಗಿನಿಂದ ಫೌಸ್ತೊ "ಕರೆಂಟ್ ಬಂತೂ!" ಎಂದು ಕೂಗಿದ. ಆಮೇಲೆ ಬೀದಿಗೆ ಬೀದಿಯೇ ಕೂಗಿತು. ನಮ್ಮ ಬೀದಿಯಲ್ಲಿ ಮೊದಲ ಕೂಗು ಯಾವಾಗಲೂ ಇವನದೇ. ಷೇರ್ ಟ್ಯಾಕ್ಸಿ ಓಡಿಸುತ್ತಾ ಕಿಟಕಿಯಿಂದ ತಲೆ ಹಾಕಿ ಜನರನ್ನು ಕರೆದೂ ಕರೆದೂ ಬಂದ ಗಂಟಲು ಅದು. ಅವನು ಕೂಗದೆ ಕರೆಂಟು ಬಂದರೆ ಅದು ಬಂದಂತೆಯೇ ಅಲ್ಲ ಎಂದು ದೋನ್ಯಾ ಬೆಲ್ಹಿಕಾ ಹೇಳುತ್ತಾಳೆ.

ಫೆಬ್ರುವರಿ ೧೦, ಸೋಮವಾರ

ನ್ಯೂಯಾರ್ಕಿನ ಡಬ್ಬಿ ಕೆಲಸಕ್ಕೆ ಬಾರದ್ದು. ಕರೆಂಟು ಹೋದರೆ ಇಂಟರ್ನೆಟ್ ಹೋಗುತ್ತದೆ, ಇಂಟರ್ನೆಟ್ ಹೋದರೆ ಡಬ್ಬಿಗೆ ಬುದ್ಧಿ ಹೋಗುತ್ತದೆ. ಕರೆಂಟು ಹೋಗದ ಊರಿನವರು ಮಾಡಿದ ಸಾಮಾನು.

ಅದು ಒಂದಾದರೆ, ಇಂಟರ್ನೆಟ್ ಇದ್ದಾಗಲೂ ಇತ್ತೀಚೆಗೆ ಅದಕ್ಕೆ ಅಹಂಕಾರ ಬಂದಿದೆ. ಫೌಸ್ತೊ ಮೂರು ಸಲ ಹೇಳಿದರೂ "ಕ್ಷಮಿಸಿ, ಅರ್ಥವಾಗಲಿಲ್ಲ" ಎನ್ನುತ್ತದೆ.

"ನಮ್ಮತ್ತೆ ಥರ ಕಣೇ ಇದು. ನಾನು ಹೇಳಿದ್ದೊಂದ್ ಬಿಟ್ಟು ಬೇರೆಲ್ಲ ಕೇಳಿಸುತ್ತೆ" ಎಂದ ಅವನು. ಸ್ವಲ್ಪ ನಿಧಾನವಾಗಿ ಎಂದ. ಬೆಳಗಿನಿಂದ ಸುಸ್ತು.

ಮಾರ್ಚ್ ೮, ಶನಿವಾರ

ಉಲಿಸೆಸ್ ಬಂದಿದ್ದ. ಯೊಕಾಸ್ತಾಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡವನು, ಹಾಗಾಗಿ ಅವನು ನಮಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ; ತಮ್ಮನಿಗಿಂತ ಹೆಚ್ಚು. ದುವಾರ್ತೆ ರಸ್ತೆಯಲ್ಲಿ ಫೋನು, ಚಾರ್ಜರು, ಇಂಥ ಡಬ್ಬಿಗಳ ಅಂಗಡಿ ಅವನದು. ಫೌಸ್ತೊನ ಜೊತೆ ಬೇಸ್‌ಬಾಲ್ ಮಾತಾಡಿದ. ಫೌಸ್ತೊ ಹೇಳಿದ್ದಕ್ಕೆಲ್ಲ "ಹೌದು ಹೌದು" ಎನ್ನುತ್ತಿದ್ದ. ಉಲಿಸೆಸ್‌ನದೇ ಟೀಮು ಸೋಲಬೇಕು ಎಂದು ಫೌಸ್ತೊ ಹೇಳಿದಾಗಲೂ "ಹೌದು ಹೌದು" ಎಂದ. ಉಲಿಸೆಸ್‌ಗೂ ವಯಸ್ಸಾಯಿತು, ಗಮನವೇ ಇಲ್ಲ.

ಹೊರಡುವಾಗ ಅಡುಗೆಮನೆಗೆ ಬಂದ. "ಕೊಮಾದ್ರೆ, ನನ್ನತ್ರ ಬೇರೆ ಒಂದು ಹಬ್ ಇದೆ. ಎಲ್ಲಾ ಕಂಪನಿ ಸಾಮಾನಿಗೂ ಹೊಂದುತ್ತೆ. ಇಂಟರ್ನೆಟ್ ಬೇಡ, ಇನ್ವರ್ಟರ್ ಇದ್ರೆ ಸಾಕು. ಒಂದು ಗುಂಡಿ ಒತ್ತಿದ್ರೆ ಆಯ್ತು."

"ಮತ್ತೆ ಮಾತು?"

"ಮಾತು ಅದಕ್ಕೆ ಕೇಳ್ಸಲ್ಲ. ಮೈಕ್ ಇಲ್ಲ."

"ಕಿವಿಯಿಲ್ಲದ ಡಬ್ಬಿ ನನಗ್ಯಾಕಯ್ಯಾ? ನನ್ ಗಂಡ ಮೂಕನಾ?"

ಅವನು ಟೋಪಿ ಹಾಕಿಕೊಂಡು ನೆಲ ನೋಡಿದ. ಅವನಿಗೆ ಕಾಫಿ ಕೊಡುವುದನ್ನೂ ಮರೆತೆ. ಮರೆತೆನೋ, ಕೊಡಲಿಲ್ಲವೋ. ಮನೆಗೆ ಬಂದ ಕೊಂಪಾದ್ರೆಗೆ ಕಾಫಿ ಕೊಡದೆ ಕಳಿಸಿದವಳು ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು.

ಮಾರ್ಚ್ ೨೩, ಭಾನುವಾರ

ಮ್ಯಾಡ್ರಿಡ್‌ನ ತಮ್ಮ ಕಳಿಸಿದ ಡಬ್ಬಿ ಬಂತು. ಪ್ಲಗ್ಗಿಗೆ ದುಂಡು ಕಡ್ಡಿ, ನಮ್ಮ ಗೋಡೆಗೆ ಹೊಂದದು. ಅದಕ್ಕೊಂದು ಅಡಾಪ್ಟರು ತಂದೆವು. ಫ್ಯಾನು, ದೀಪ, ಬೀಗ ಮೂರೂ ಅದಕ್ಕೆ ಒಗ್ಗಿದವು. ಯೊಕಾಸ್ತಾ ಹೇಳಿದರೆ ಕೇಳುತ್ತದೆ. ಫೌಸ್ತೊ ಹೇಳಿದರೆ ಸುಮ್ಮನಿರುತ್ತದೆ.

ಕಾರಣ ನನಗೆ ತಕ್ಷಣ ಹೊಳೆಯಿತು. ಸ್ಪೇನಿನ ಭಾಷೆಯನ್ನೇ ಆಡಿದರೂ ಈ ದ್ವೀಪದವರು ನಾವು ಮಾತಿನ ಬಾಲ, ಅಂದರೆ ಕೊನೆಯ ಅಕ್ಷರ, ನುಂಗುವವರು. ಪೋರ್ಟೊರಿಕೊದವರೂ ನಮ್ಮನ್ನು ಆಡಿಕೊಳ್ಳುತ್ತಾರೆ. ಸ್ಪೇನಿನ ಡಬ್ಬಿಗೆ ಒಂದೊಂದು ಅಕ್ಷರವನ್ನೂ ತೊಳೆದು ಇಡಬೇಕು. ಯೊಕಾಸ್ತಾ ಪಾರ್ಲರಿನಲ್ಲಿ ನಾಜೂಕಾಗಿ ಮಾತಾಡಿ ಅಭ್ಯಾಸ, ಅದಕ್ಕೇ ಅವಳದು ಅದಕ್ಕೆ ತಿಳಿಯುತ್ತದೆ. ಟ್ಯಾಕ್ಸಿ ಓಡಿಸಿದವನ ಭಾಷೆ ತಿಳಿಯದು. ಇಡೀ ಮಧ್ಯಾಹ್ನ ಅವನ ಪಕ್ಕ ಕುಳಿತು "ಬಾಲ ನುಂಗಬೇಡ, ಬಿಡಿಸಿ ಹೇಳು" ಎಂದು ಹೇಳಿಕೊಟ್ಟೆ. ಬೆವರಿಳಿಯುವ ತನಕ ಹೇಳಿದ. ಅವನು ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ದಡ್ಡ ಡಬ್ಬಿ.

ಏಪ್ರಿಲ್ ೧೮, ಶುಭ ಶುಕ್ರವಾರ

ಬೀನ್ಸ್ ಕಾಳಿನ ಪಾಯಸ ಮಾಡಿದೆ. ತೆಂಗಿನ ಹಾಲು, ಗೆಣಸು, ಒಣದ್ರಾಕ್ಷಿ, ಮೇಲೆ ಹಾಲಿನ ಬಿಸ್ಕತ್ತು. ಬೆಲ್ಹಿಕಾ ಮನೆಗೊಂದು ಪಾತ್ರೆ ಕೊಟ್ಟೆ, ಅವಳ ಮನೆಯಿಂದ ಒಂದು ಪಾತ್ರೆ ಬಂತು. ನನ್ನದೇ ಚೆನ್ನಾಗಿತ್ತು.

ಫೌಸ್ತೊನ ಪಾಲನ್ನು ಮಿಕ್ಸಿಗೆ ಹಾಕಿ ಸೋಸಿದೆ. ಈ ಸಲದ ಗೆಣಸು ನಾರು ನಾರಾಗಿತ್ತು. ಬಿಸ್ಕತ್ತು ಇಡಲಿಲ್ಲ, ಹಳೆಯದು. ಎರಡು ಚಮಚ ತಿಂದು ಕೆಮ್ಮಿದ. ಕೆಮ್ಮು ನಿಲ್ಲುವ ತನಕ ಯೊಕಾಸ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ನೋಡುತ್ತೀಯೆಂದು ರೇಗಿದೆ.

ಸಂಜೆ ಕರೆಂಟು ಬಂದಾಗ ಫೌಸ್ತೊ ಕೂಗಿದ. ಅಂಗಡಿಯ ಕಟ್ಟೆಯಲ್ಲಿ ಡಾಮಿನೊ ಆಡುತ್ತಿದ್ದವರಲ್ಲಿ ಒಬ್ಬ "ಫೌಸ್ತೊಣ್ಣ ಶುಭ ಶುಕ್ರವಾರಾನೂ ಬಿಡ್ಲಿಲ್ಲಪ್ಪೋ, ಚೆನ್ನಾಗಿ ಏರಿಸಿದಾನೆ!" ಎಂದು ನಕ್ಕ. ಚಪ್ಪಲಿ ಕೈಗೆ ತೆಗೆದುಕೊಂಡು ಹೋದೆ. "ನಿನ್ ಅಪ್ಪ ಏರಿಸಿರಬೇಕು ಕಣೋ! ಬಾ ಇಲ್ಲಿ, ಕುಡಿದವರು ಹೇಗೆ ಹೊಡೀತಾರೆ ಅಂತ ತೋರಿಸ್ತೀನಿ!" ಫೌಸ್ತೊಗೆ ಹುಷಾರಿಲ್ಲ ಎಂದು ಯಾರೋ ಅವನ ಕಿವಿಯಲ್ಲಿ ಹೇಳಿದರು. ಬಂದು ಕ್ಷಮೆ ಕೇಳಿದ. ಕ್ಷಮೆ ಕೇಳಿದ್ದೇ ನನಗೆ ಹೆಚ್ಚು ಉರಿಯಿತು.

ಒಳಗೆ ಬಂದಾಗ ಫೌಸ್ತೊ ಗೋಡೆಯ ಕಡೆ ಮುಖ ಮಾಡಿದ್ದ.

ಮೇ ೩, ಶನಿವಾರ

ನಿನ್ನೆ ಕರೆಂಟು ಬಂದಾಗ ಮೊದಲು ಕೂಗಿದ್ದು ಮೂಲೆಮನೆಯವರು. ಫೌಸ್ತೊಗೆ ನಿದ್ದೆ ಬಂದಿರಬೇಕು.

ಮೇ ೯, ಶುಕ್ರವಾರ

ಇದನ್ನು ಬರೆದೇ ತೀರಬೇಕು. ಶಾಲೆಯಿಂದ ಬಂದು ಬಾಗಿಲು ತೆಗೆದರೆ ಡಬ್ಬಿಯ ದನಿ. "ಕ್ಷಮಿಸಿ, ಅರ್ಥವಾಗಲಿಲ್ಲ." ಸ್ವಲ್ಪ ಬಿಟ್ಟು ಮತ್ತೆ ಅದೇ. ಫೌಸ್ತೊನ ಅಂಗಿ ಬೆವರಿಗೆ ಮೈಗಂಟಿತ್ತು. ಹಣೆಯ ಮೇಲೆ, ರೆಪ್ಪೆಯ ಮೇಲೆ, ತುಟಿಯ ಮೇಲೆ ಸೊಳ್ಳೆ ಕಚ್ಚಿದ ಗುಳ್ಳೆಗಳು. ಬೆಳಗಿನಿಂದ ಕೇಳುತ್ತಲೇ ಇದ್ದಾನೆ, ಅದು ಕ್ಷಮೆ ಕೇಳುತ್ತಲೇ ಇದೆ. ನಡುವೆ ಬೆಲ್ಹಿಕಾ ಬಂದಿದ್ದಳಂತೆ. ಏನು ಬೇಕು ಎಂದು ಕೇಳಿದಳಂತೆ, ಇವನು ಹೇಳಿದನಂತೆ. ಅವಳು ನೀರು ಕುಡಿಸಿ, ಟಿ.ವಿ. ಹಾಕಿ ಹೋಗಿದ್ದಾಳೆ.

ಡಬ್ಬಿಯನ್ನು ಎತ್ತಿ ಗೋಡೆಗೆ ಎಸೆದೆ. ಒಡೆಯಲಿಲ್ಲ. ನೆಲದ ಮೇಲಿನಿಂದಲೂ ಕ್ಷಮಿಸಿ ಎಂದಿತು.

ಅವನ ಮುಖ ಒರೆಸಿ ಮುಲಾಮು ಹಚ್ಚಿದೆ. ಅವನು ಏನೋ ಹೇಳಿದ. ನಾನು ಅಳುತ್ತಿದ್ದೆ, ಎರಡನೇ ಸಲ ಕೇಳಬೇಕಾಯಿತು.

ಮೇ ೧೧, ಭಾನುವಾರ

ಉಲಿಸೆಸ್‌ನ ಅಂಗಡಿಯಿಂದ ಮೆಕ್ಸಿಕೊ ಕಡೆಯದೊಂದು ಡಬ್ಬಿ ತರಿಸೋಣ, ಅವರ ಮಾತು ನಮಗೆ ಹತ್ತಿರ ಎಂದೆ. ಯೊಕಾಸ್ತಾ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅಮ್ಮಾ, ಸಾಕು. ಡಬ್ಬೀದು ತಪ್ಪಿಲ್ಲ."

"ಮತ್ತೆ ಯಾರದು?"

"ಅಪ್ಪನ ಮಾತು ಹೋಗ್ತಿದೆ. ನಿನಗೊಬ್ಬಳಿಗೇ ಅರ್ಥ ಆಗೋದು. ನನಗೇ ಅರ್ಧ ತಿಳಿಯಲ್ಲ. ಬೆಲ್ಹಿಕಾ ಆಂಟಿಗೆ ಏನೂ ತಿಳಿಯಲ್ಲ. ಅವರು ಮನೆಗೆ ಹೋಗಿ ಅಳ್ತಾರೆ, ಗೊತ್ತಾ?"

"ಬಾಯ್ಮುಚ್ಚು. ಅವನಿಗೆ ಕೇಳಿಸುತ್ತೆ."

"ಕೇಳಿಸ್ಲಿ! ಅಪ್ಪಂಗೆ ಗೊತ್ತು. ಕೂಗೋದು ನಿಲ್ಸಿದ್ದು ಯಾಕೆ ಅಂದ್ಕೊಂಡಿದೀಯ? ಗೊತ್ತಿಲ್ಲದವಳು ನೀನೊಬ್ಬಳೇ."

ನಾನು ಅವಳ ಕೆನ್ನೆಗೆ ಹೊಡೆದೆ. ಹೆತ್ತ ಮಗಳಿಗೆ, ಮದುವೆಯ ವಯಸ್ಸಿನವಳಿಗೆ. ಅವಳು ಕೈ ಅಡ್ಡ ಇಡಲಿಲ್ಲ.

ಮೇ ೧೨, ಸೋಮವಾರ

ಫೌಸ್ತೊ ನಿದ್ದೆಯಲ್ಲಿದ್ದ. ಡಬ್ಬಿಯನ್ನು ಅಡುಗೆಮನೆಗೆ ತಂದೆ. ಮೀನು ಮಾರುವವನನ್ನು ಕರೆಯುವ ಗಂಟಲಿನಲ್ಲಿ, ಬಾಲವನ್ನೆಲ್ಲ ನುಂಗಿ, ಈರುಳ್ಳಿ ಹೆಚ್ಚುತ್ತಾ, ಫ್ಯಾನು ಹಾಕು ಎಂದೆ.

ಒಳಗೆ ಫ್ಯಾನು ತಿರುಗಿತು.

ಈರುಳ್ಳಿ ಬಹಳ ಘಾಟಿತ್ತು.

ಮೇ ೨೭, ಮಂಗಳವಾರ

ಮೊನ್ನೆ ಭಾನುವಾರ, ತಿಂಗಳ ಕೊನೆಯದು, ನಮ್ಮಲ್ಲಿ ತಾಯಂದಿರ ದಿನ. ಯೊಕಾಸ್ತಾ ಹೂ ತಂದು ಮೇಜಿನ ಮೇಲಿಟ್ಟು ನನ್ನ ಕೂದಲು ತೊಳೆದು, ಒಣಗಿಸಿ, ನೀಟಾಗಿ ಬಾಚಿದಳು. ಅವಳು ಕ್ಷಮಿಸುವ ರೀತಿ ಅದು. ಕನ್ನಡಿಯಲ್ಲಿ ಅವಳ ಕೆನ್ನೆ ನೋಡಲಾಗದೆ ಕಣ್ಣು ಮುಚ್ಚಿಕೊಂಡಿದ್ದೆ.

ಇಂದು ದುವಾರ್ತೆಗೆ ಹೋದೆ. ಉಲಿಸೆಸ್‌ನ ಅಂಗಡಿಯ ಮುಂದೆ ಎರಡು ಸಲ ಹೋಗಿ ಬಂದು ಮಾಡಿ, ಒಳಗೆ ಹೋದೆ. ನನ್ನನ್ನು ನೋಡಿದವನೇ ಅವನು ಬಗ್ಗಿ ಕೌಂಟರಿನ ಕೆಳಗಿನಿಂದ ಒಂದು ಸಣ್ಣ ಬಿಳಿ ಡಬ್ಬಿ ತೆಗೆದ. ಅದರ ಮೇಲೆ ಪೆನ್ನಿನಲ್ಲಿ ಫೌಸ್ತೊನ ಹೆಸರು ಬರೆದಿತ್ತು. ಮಾರ್ಚಿನಿಂದ ತೆಗೆದಿಟ್ಟಿದ್ದನಂತೆ.

"ಯಾರಿಗೂ ಮಾರ್ಲಿಲ್ವಾ?" ಎಂದೆ.

"ನಮ್ಮ ಕೊಂಪಾದ್ರೇದು, ಕೊಮಾದ್ರೆ, ಹೇಗೆ ಮಾರ್ಲಿ?"

ಸಂಜೆ ಅವನೇ ಬಂದು ಜೋಡಿಸಿದ. ಮೊದಲೇ ಹೇಳಿಬಿಟ್ಟೆ, ಕಾಫಿ ಕುಡಿಯದೆ ಏಳುವಂತಿಲ್ಲ ಎಂದು. ನ್ಯೂಯಾರ್ಕಿನ ದೀಪ, ಮ್ಯಾಡ್ರಿಡ್‌ನ ಸ್ವಿಚ್ಚು, ಇಲ್ಲಿಯ ಬೀಗ, ಮೂರೂ ಬಾಯಿ ಮುಚ್ಚಿಕೊಂಡು ಆ ಡಬ್ಬಿಯ ಮಾತು ಕೇಳಿದವು. ಗುಂಡಿ ಎಲ್ಲಿ ಇಡುವುದು ಎನ್ನುವುದೇ ಕಷ್ಟವಾಯಿತು. ಕೈಗೆ ಬೇಡ, ಗಲ್ಲಕ್ಕೆ ಬೇಡ. ಕೊನೆಗೆ ಯೊಕಾಸ್ತಾ ಹಾಸಿಗೆಯ ಕಾಲ್ಬದಿಯಲ್ಲಿ, ಅವನ ಬಲಪಾದದ ಕೆಳಗೆ ಇಟ್ಟಳು. ಅವನಲ್ಲಿ ಇನ್ನೂ ಆಡುವುದು ಅದೊಂದೇ, ಇಷ್ಟು ವರ್ಷ ಬ್ರೇಕು ಒತ್ತಿದ ಕಾಲು. ಒಮ್ಮೆ ಒತ್ತಿದರೆ ಫ್ಯಾನು, ಒತ್ತಿ ಹಿಡಿದರೆ ಮುಂಬಾಗಿಲ ದೀಪ.

ಒತ್ತಿದ. ಫ್ಯಾನು ತಿರುಗಿತು. ಒತ್ತಿದ. ನಿಂತಿತು.

ಇದು ನಿಮ್ಮಮ್ಮನಿಗಿಂತ ಬೇಗ ಮಾತು ಕೇಳುತ್ತದೆ ಎಂದ ಫೌಸ್ತೊ. ನಾನು ನಕ್ಕೆ. ಉಲಿಸೆಸ್ ಮತ್ತು ಯೊಕಾಸ್ತಾ ಮುಖ ಮುಖ ನೋಡಿಕೊಂಡರು.

"ಅಪ್ಪ ಏನೂ ಹೇಳ್ಲಿಲ್ವಲ್ಲಮ್ಮಾ" ಎಂದಳು ಅವಳು, ಮೆಲ್ಲಗೆ.

ಹೇಳಿದ. ನನಗೆ ಕೇಳಿಸಿತು.

ಜೂನ್ ೧೫, ಭಾನುವಾರ

ಸೆಕೆ. ದಿನವೂ ಕರೆಂಟು ಹೋಗುತ್ತಿದೆ. ಆದರೂ ನಾನು ಮಧ್ಯಾಹ್ನ ಬರುವಾಗ ಫ್ಯಾನು ಒಮ್ಮೊಮ್ಮೆ ತಿರುಗುತ್ತಿರುತ್ತದೆ, ಒಮ್ಮೊಮ್ಮೆ ನಿಂತಿರುತ್ತದೆ, ಅವನಿಗೆ ಬೇಕಾದ ಹಾಗೆ. ಮುಖದ ಮೇಲೆ ಗುಳ್ಳೆಗಳಿಲ್ಲ. ಅವನು ಕೇಳಿದ್ದು ಅಷ್ಟೇ ತಾನೇ. ಅಷ್ಟು ಕೊಡುವುದಕ್ಕೆ ನಾನು ಇಷ್ಟು ದಿನ ಸತಾಯಿಸಿದೆ.

ಇಂದು ಬಟ್ಟೆ ಒಗೆಯುತ್ತಾ ಒಂದು ಯೋಚನೆ ಬಂತು. ಅವನು ಬಾಯಿ ತೆರೆದು ಆಡಿದ ಕೊನೆಯ ಮಾತು ಯಾವುದು? ಮೇ ತಿಂಗಳಲ್ಲಿ ಎಂದೋ ಒಂದು ದಿನ ಇರಬೇಕು. ನೀರು ಎಂದನೋ, ನನ್ನ ಹೆಸರು ಹಿಡಿದನೋ, ಸುಮ್ಮನೆ ತಮಾಷೆ ಮಾಡಿದನೋ. ಎಷ್ಟು ನೆನೆದರೂ ಬರಲಿಲ್ಲ. ಆ ಹೊತ್ತಿನಲ್ಲಿ ನಾನು ಯಾವುದೋ ಡಬ್ಬಿಯನ್ನು ಬೈಯುತ್ತಿದ್ದೆ. ಅದಕ್ಕೆ ಕಿವಿಯಿಲ್ಲ, ಇದಕ್ಕೆ ಬುದ್ಧಿಯಿಲ್ಲ ಎಂದು ಕೂಗಾಡುತ್ತಿದ್ದೆ. ಅವನು ಪಕ್ಕದಲ್ಲೇ ಕೊನೆಯ ಮಾತು ಆಡಿದ, ನಾನು ಕೇಳಿಸಿಕೊಳ್ಳಲಿಲ್ಲ.

ಸಾಬೂನು ನೀರು ಆರಿ ಕೈ ಬಿರಿಯುವ ತನಕ ಬಚ್ಚಲಲ್ಲಿ ಕುಳಿತಿದ್ದೆ.

ಜೂನ್ ೨೧, ಶನಿವಾರ

ಸಂಜೆಯಾಗುವ ಹೊತ್ತಿಗೆ ಕರೆಂಟು ಹೋಯಿತು. ಎಲ್ಲರೂ ಬಾಗಿಲಲ್ಲಿ ಕುಳಿತಿದ್ದೆವು. ಬೆಲ್ಹಿಕಾ ಬೀಸಣಿಗೆ ಹಿಡಿದು ನನ್ನ ಪಕ್ಕದಲ್ಲಿದ್ದಳು. ಅಂಗಡಿಯ ಕಟ್ಟೆಯಲ್ಲಿ ಡಾಮಿನೊ ಆಡುವವರು ಫೋನಿನ ಬೆಳಕಿನಲ್ಲಿ ಕಾಯಿ ಕುಟ್ಟುತ್ತಿದ್ದರು. ನನಗೆ ಕರೆಂಟು ಬರುವುದೇ ಬೇಡವಾಗಿತ್ತು. ಬಂದಾಗ ಬೀದಿಯವರು ಕೂಗುತ್ತಾರೆ, ನಮ್ಮ ಮನೆ ಸುಮ್ಮನಿರುತ್ತದೆ. ಆ ಗಳಿಗೆಯನ್ನು ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್ ಎಂದಿತು. ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ನಮ್ಮ ತಲೆಯ ಮೇಲಿನ ಮುಂಬಾಗಿಲ ದೀಪ ಹೊತ್ತಿತು. ಅದೇನು ದೊಡ್ಡದಲ್ಲ, ಕರೆಂಟು ಬಂದರೆ ಆ ಬಲ್ಬುಗಳು ತಾವಾಗಿಯೇ ಹೊತ್ತುತ್ತವೆ. ಆದರೆ ಹೊತ್ತಿದ್ದು ಆರಿತು. ಮತ್ತೆ ಹೊತ್ತಿತು. ಆರಿತು. ಹೊತ್ತಿತು.

ಕಟ್ಟೆಯಿಂದ, ನಾನು ಚಪ್ಪಲಿ ತೋರಿಸಿದ್ದೆನಲ್ಲ, ಅವನೇ ಎದ್ದು ನಿಂತು, "ಫೌಸ್ತೊಣ್ಣ ಕೂಗಿದಾನ್ರೋ! ಕರೆಂಟ್ ಬಂತೂ!" ಎಂದ. ಬೀದಿಗೆ ಬೀದಿಯೇ ಕೂಗಿತು. ಬೆಲ್ಹಿಕಾ ಬೀಸಣಿಗೆ ಬಿಸಾಕಿ ಕೂಗಿದಳು. ನಾನು ಕುರ್ಚಿ ಬಿಟ್ಟು ಎದ್ದೆ.

ಒಳಗೆ ಹೋದೆ. ಅವನ ಪಾದ ಇನ್ನೂ ಗುಂಡಿಯ ಮೇಲೆ ನಡುಗುತ್ತಿತ್ತು. ಕಣ್ಣು ಬಾಗಿಲಿನ ಮೇಲೆಯೇ ಇತ್ತು, ಉತ್ತರ ಕಾಯುವವನ ಹಾಗೆ.

ಕೇಳಿಸಿತು ಎಂದೆ.